ನಾಲ್ಕು ನಿಂಬೆಹಣ್ಣು ಮತ್ತು ಒಂದು ದೊಡ್ಡ ಕ್ಯಾಮ್‌ಶಾಫ್ಟ್

ಆ ವರ್ಷ ನನಗೆ ತಲೆ ಕೆಟ್ಟಿತ್ತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಕೆಟ್ಟಿರಲಿಲ್ಲ. ಟರ್ಬೊ ಇರುವ ಹಳೆಯ ಜಪಾನಿ ಕಾರೊಂದನ್ನು ಕೊಂಡಿದ್ದೆ, ಅಷ್ಟೇ. ಆಮೇಲೆ ಅದರ ಎಂಜಿನ್ ಬಿಚ್ಚಿಸಿ ಸ್ಟ್ರೋಕರ್ ಮಾಡಿಸಿದೆ. ಪಿಸ್ಟನ್ ಮೊದಲಿಗಿಂತ ಹೆಚ್ಚು ದೂರ ಓಡಿ, ಒಂದೊಂದು ಉಸಿರಿಗೂ ಹೆಚ್ಚು ಗಾಳಿ ಎಳೆದುಕೊಳ್ಳುವ ಏರ್ಪಾಡು ಅದು. ಅನುಮತಿ, ತಪಾಸಣೆಗಳ ಗೋಳು ಬೇರೆಯೇ ಕಥೆ, ಇಲ್ಲಿ ಬೇಡ. ಉಳಿದದ್ದು ಕ್ಯಾಮ್‌ಶಾಫ್ಟ್ ಆರಿಸುವ ಕೆಲಸ. ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳಾದ ವಾಲ್ವ್‌ಗಳು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನಿಸುವುದು ಆ ಸರಳೇ.

ಹೆಂಡತಿ ನಾವಿರುವ ಪರದೇಶದ ಊರಿನ ಪಶ್ಚಿಮ ತುದಿಯ ಟುವಾಸ್‌ನ ಪಂಪ್ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ನಾನು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ಬುಕಿತ್ ಪಂಜಾಂಗ್‌ನ ನಮ್ಮ ಮನೆಯಿಂದ ಎಲ್‌ಆರ್‌ಟಿಯ ಪುಟ್ಟ ರೈಲು, ಎಂಆರ್‌ಟಿಯ ಮೆಟ್ರೊ, ಕೊನೆಗೆ ಕಂಪನಿ ಬಸ್ಸು ಹಿಡಿದು ಕೆಲಸ ಮುಟ್ಟುವಷ್ಟರಲ್ಲಿ ಅವಳಿಗೆ ಸಾಕುಸಾಕಾಗುತ್ತಿತ್ತು. ಅವಳಿಗೆ ಹೊಸದಾಗಿ ಲೈಸೆನ್ಸ್ ಸಿಕ್ಕಿತ್ತು. ಆಯುಧಪೂಜೆಯ ಮಾರನೆಯ ದಿನದಿಂದ ಕಾರು ನಿನ್ನದು ಎಂದು ಮಾತು ಕೊಟ್ಟಿದ್ದೆ. ಪಾಪ, ನಂಬಿದ್ದಳು.

ಟೋವಾ ಪಾಯೋದಲ್ಲಿ ಗ್ಯಾರೇಜು ನಡೆಸುತ್ತಿದ್ದ ಚೀನೀ ಅಂಕಲ್ ನನ್ನ ಮುಂದೆ ಎರಡು ಜೊತೆ ಕ್ಯಾಮ್ ಇಟ್ಟರು. ಒಂದು 264 ಡಿಗ್ರಿಯದು, ಇನ್ನೊಂದು 280. ದೊಡ್ಡದು ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ.

"ಯೂ ಟೇಕ್ ಸ್ಮಾಲ್ ಒನ್ ಲಾ," ಎಂದರು ಇಲ್ಲಿಯ ಇಂಗ್ಲಿಷಿನಲ್ಲಿ.

ನಾನು ನಕ್ಕೆ. ನನ್ನ ಹತ್ತಿರ ಎಕ್ಸೆಲ್ ಶೀಟ್ ಇತ್ತು! ಮೂರು ವಾರ ಕೂತು ಮಾಡಿದ್ದು, ಹನ್ನೊಂದು ಬಣ್ಣದ್ದು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಹಾರ್ಸ್‌ಪವರ್ ತೋರಿಸುತ್ತಿದ್ದ ಸಾಲು 280ರದು. ಅಂಕಲ್‌ಗೆ ತೋರಿಸಿ, ಮನೆಗೆ ಬಂದು ಹೆಂಡತಿಗೂ ತೋರಿಸಿದೆ.

"ಈ ಪವರ್ ಎಷ್ಟು ಆರ್‌ಪಿಎಂನಲ್ಲಿ ಬರುತ್ತೆ ರೀ?"

"ಎಂಟು ಸಾವಿರದಲ್ಲಿ."

"ನಾನು ಟುವಾಸ್‌ಗೆ ಎಂಟು ಸಾವಿರದಲ್ಲಿ ಡ್ರೈವ್ ಮಾಡ್ಬೇಕಾ?"

"ನಿಂಗೆ ಗೊತ್ತಾಗಲ್ಲ ಬಿಡು, ಇದು ಪಂಪ್ ಅಲ್ಲ."

ಪಂಪ್ ಎಂಜಿನಿಯರ್‌ಗೆ ಹೇಳಬಾರದ ಮಾತು ಅದು. ಅವಳು ಎದ್ದು ಸಾರಿಗೆ ಒಗ್ಗರಣೆ ಹಾಕಲು ಹೋದಳು. ನಾನು 280 ಹಾಕಿಸಿದೆ. ಹಬ್ಬದ ಹಿಂದಿನ ರಾತ್ರಿ ಗ್ಯಾರೇಜಿನವರು ಕಾರನ್ನು ತಂದು ನಮ್ಮ ಬಹುಮಹಡಿ ಕಾರ್ ಪಾರ್ಕಿನ ಮೇಲೆ ನಿಲ್ಲಿಸಿ ಹೋದರು.

ಆಯುಧಪೂಜೆಯ ಬೆಳಿಗ್ಗೆ ಕಾರ್ ಪಾರ್ಕಿನ ಮೇಲಿನ ಅಂತಸ್ತಿನಲ್ಲಿ ಅಕ್ಕಪಕ್ಕದ ಬ್ಲಾಕುಗಳ ಮೂರು ಕನ್ನಡದ ಕುಟುಂಬಗಳು ಸೇರಿದ್ದವು. ಬಾನೆಟ್ ಮೇಲೆ ಅರಿಶಿನ ಕುಂಕುಮ, ಮುಂದೆ ಸೇವಂತಿಗೆ ಹಾರ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ರೇಷ್ಮೆ ಸೀರೆ ಉಟ್ಟ ನನ್ನ ಹೆಂಡತಿ ಸ್ಟೀರಿಂಗ್ ಹಿಡಿದು ಕೂತಳು. ಕೀ ತಿರುಗಿಸಿದ್ದೇ ತಡ, ಇಡೀ ಕಾರು ಚಳಿಜ್ವರ ಬಂದವರಂತೆ ಗಡಗಡ ನಡುಗಿತು. ಹಾರದ ಹೂಗಳು ಉದುರಿದವು. ಅವಳು ಮೆಲ್ಲಗೆ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಮುಗ್ಗರಿಸಿ ಆಫ್ ಆಯಿತು. ಇನ್ನೊಮ್ಮೆ ಆಫ್. ಮೂರನೇ ಸಲವೂ ಆಫ್.

"ಲೆಮನ್ ತುಂಬಾ ಗಟ್ಟಿ ಇರ್ಬೇಕು," ಎಂದರು ಪಕ್ಕದ ಬ್ಲಾಕಿನ ಅಂಕಲ್. ಸಮಾಧಾನಕ್ಕೆ ಹೇಳಿದರೋ ಕೆಣಕಲು ಹೇಳಿದರೋ ತಿಳಿಯಲಿಲ್ಲ. ಅವಳನ್ನು ಇಳಿಸಿ ನಾನೇ ಕೂತೆ. ನನ್ನ ಕೈಯಲ್ಲೂ ಆಫ್!

ಹೆಂಡತಿ ಬಗ್ಗಿ ನಾಲ್ಕೂ ಹಣ್ಣು ಹೆಕ್ಕಿ ಸೆರಗಿಗೆ ಹಾಕಿಕೊಂಡಳು. "ಇವನ್ನ ಫ್ರಿಜ್‌ನಲ್ಲಿ ಇಡ್ತೀನಿ. ಕಾರು ಇದರ ಮೇಲೆ ಹತ್ತಿದ ದಿನ ನಂಗೆ ಆಯುಧಪೂಜೆ. ಅಲ್ಲೀವರೆಗೂ ಬಸ್ಸೇ ಗತಿ."

ಮಾರನೆಯ ಬೆಳಿಗ್ಗೆ ಅವಳು ಬ್ಯಾಗು ಹೆಗಲಿಗೇರಿಸಿ ಎಲ್‌ಆರ್‌ಟಿಗೆ ಹೊರಟಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಫ್ರಿಜ್ ತೆಗೆದಾಗಲೆಲ್ಲ ಆ ನಾಲ್ಕು ಹಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ಶನಿವಾರ ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದರೆ, ಚೀನೀ ಅಂಕಲ್ 264ರ ಜೊತೆಯನ್ನು ಪೇಪರಿನಲ್ಲಿ ಸುತ್ತಿ ನನ್ನ ಕಾರಿನ ನಂಬರ್ ಬರೆದು ತೆಗೆದಿಟ್ಟಿದ್ದರು. ಕಂಪ್ಯೂಟರಿನವನಿಗೂ ತಿಳಿಯುವಂತೆ ಬಿಡಿಸಿ ಹೇಳಿದರು. ಉದ್ದ ಸ್ಟ್ರೋಕಿನ ಎಂಜಿನ್ ಏಳು ಸಾವಿರದ ಮೇಲೆ ಸುತ್ತಬಾರದು. ದೊಡ್ಡ ಕ್ಯಾಮಿನ ಬಲ ಶುರುವಾಗುವುದೇ ಅಲ್ಲಿಂದ. ನಿಧಾನಕ್ಕೆ ಸುತ್ತುವಾಗ ಒಳಬಾಗಿಲು ಹೊರಬಾಗಿಲು ಎರಡೂ ಬಹಳ ಹೊತ್ತು ಒಟ್ಟಿಗೆ ತೆರೆದಿದ್ದು, ಟರ್ಬೊ ತಡೆಹಿಡಿದ ಹೊಗೆ ವಾಪಸ್ ಒಳಕ್ಕೇ ನುಗ್ಗುತ್ತದೆ. ಗಾಳಿ ತಳ್ಳಲು ಟರ್ಬೊ ಇರುವಾಗ ಬಾಗಿಲನ್ನು ಅಷ್ಟು ಹೊತ್ತು ತೆರೆದಿಡುವ ಅಗತ್ಯವೇ ಇಲ್ಲ.

ಮತ್ತೆ ನನ್ನನ್ನೇಕೆ ತಡೆಯಲಿಲ್ಲ ಎಂದು ಕೇಳಿದೆ.

"ಯುವರ್ ಎಕ್ಸೆಲ್ ಸೋ ಮೆನಿ ಕಲರ್," ಎಂದರು ಅಂಕಲ್. "ಹೌ ಟು ಸೇ ನೋ?"

264 ಹಾಕಿಸಿಕೊಂಡು ಬಂದೆ. ಭಾನುವಾರ ಅದೇ ಜಾಗ. ಈ ಸಲ ಜನ ಇಲ್ಲ, ರೇಷ್ಮೆ ಸೀರೆಯೂ ಇಲ್ಲ. ಜೀನ್ಸ್ ತೊಟ್ಟು ಬಂದ ಹೆಂಡತಿ ಸಿಪ್ಪೆ ಸುಕ್ಕಾದ ಹಣ್ಣುಗಳನ್ನು ತಾನೇ ಚಕ್ರಕ್ಕಿಟ್ಟು, ಕೂತು, ಕ್ಲಚ್ ಬಿಟ್ಟಳು. ಪಚಕ್ ಪಚಕ್ ಎಂದು ನಾಲ್ಕೂ ಒಡೆದವು. ನಾನು ಕುಣಿದುಬಿಟ್ಟೆ. ಅವಳು ನಿಲ್ಲಿಸಲೇ ಇಲ್ಲ. ಇಳಿಜಾರಿನಲ್ಲಿ ಇಳಿದು ಹೊರಟೇಹೋದಳು. ಆರತಿ ತಟ್ಟೆ ಹಿಡಿದು ಒಬ್ಬನೇ ನಿಂತೆ.

ಒಂದು ಗಂಟೆಯ ಮೇಲೆ ಬಂದಳು, ಮುಖದ ತುಂಬ ನಗು. "ರೀ, ಟುವಾಸ್ ತನಕ ಹೋಗ್ಬಂದೆ! ಮೂರು ಸಾವಿರಕ್ಕೇ ಏನ್ ಪುಲ್ ಮಾಡುತ್ತೆ ಗೊತ್ತಾ!"

ನಾನು ಕೀಗೆಂದು ಕೈ ಚಾಚಿದೆ. ಅವಳು ಅದನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಸೋಮವಾರ ಎಲ್‌ಆರ್‌ಟಿಯಲ್ಲಿ ನಾನು ನಿಂತಿದ್ದೆ. ಮನೆಗಳ ಒಳಗು ಕಾಣದಿರಲೆಂದು ಫ್ಲ್ಯಾಟುಗಳ ಹತ್ತಿರ ತಾನೇ ಮಬ್ಬಾಗುವ ರೈಲಿನ ಕಿಟಕಿ ಮತ್ತೆ ತಿಳಿಯಾದಾಗ ಕೆಳಗೆ ನಮ್ಮ ಕಾರು ಕಂಡಿತು. ಸಿಗ್ನಲ್ಲು ಹಸಿರಾಯಿತು. ಕಾರು ಒಂದಿಷ್ಟೂ ಮುಗ್ಗರಿಸದೆ ಹೊರಟು, ತಿರುವು ತೆಗೆದುಕೊಂಡು ಹೋಯಿತು. ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರಿಗೆ, ಕ್ಯಾಮಿನ ಬಗ್ಗೆ ಏನೂ ಹೇಳದೆ, "ದಟ್ಸ್ ಮೈ ವೈಫ್" ಎಂದೆ.