ಸಾರವ್ವ ಹೇಳಿದ ಅರ್ಥ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕೊಟ್ಟೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಒಂದು ಕ್ರೈಸ್ತ ಸಂಸ್ಥೆಯ ‘ವಾಚನ ಸಂಘಟಕ’ ಎಂಬ ಹುದ್ದೆಯಲ್ಲಿದ್ದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿನ ಸಣ್ಣಸಣ್ಣ ಕ್ರೈಸ್ತ ಸಭೆಗಳಿಗೆ ಬಸ್ಸು ಹತ್ತಿ ಹೋಗಿ, ಜನರನ್ನು ಒಟ್ಟಿಗೆ ಕೂರಿಸಿ ಸತ್ಯವೇದ ಓದಿಸುವುದು ನನ್ನ ಕೆಲಸ. ನಮ್ಮ ತರಬೇತಿಯಲ್ಲಿ ಇದಕ್ಕೆ ಗ್ರೂಪ್ ಸ್ಟಡಿ ಎನ್ನುತ್ತಿದ್ದರು. ಓದು ಬಂದವರು ಸರದಿಯಂತೆ ಒಂದೊಂದು ವಚನ ಓದಬೇಕು. ಬಾರದವರು ಕೇಳಿಸಿಕೊಂಡು ತಮಗೆ ತಿಳಿದದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಸಂಘಟಕ ಆದಷ್ಟು ಬಾಯಿ ಮುಚ್ಚಿಕೊಂಡಿರಬೇಕು. ಕಡೆಯ ನಿಯಮವನ್ನು ಪಾಲಿಸಿದ ಒಬ್ಬ ಸಂಘಟಕನನ್ನೂ ನಾನು ಕಾಣೆ.

ಹಡಗಲಿ ಕಡೆಯ ಒಂದು ಊರಿನಲ್ಲಿ, ಅದರ ಹೆಸರು ಬೇಡ, ಭಾನುವಾರದ ಆರಾಧನೆ ಮುಗಿದ ಮೇಲೆ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಪಡಸಾಲೆಯಲ್ಲಿ ಗುಂಪು ಸೇರುತ್ತಿತ್ತು. ಅವರು ಸಭೆಯ ಹಿರಿಯರೂ ಹೌದು. ತಾವು ಕುರ್ಚಿಯಲ್ಲಿ, ಉಳಿದವರು ನೆಲದಲ್ಲಿ. ತಾವೇ ಓದಿ, ತಾವೇ ಅರ್ಥ ಹೇಳಿ, ತಾವೇ ಮೆಚ್ಚಿ ತಲೆದೂಗುತ್ತಿದ್ದರು. ಹೆಂಗಸರಲ್ಲಿ ಯಾರಾದರೂ ಬಾಯಿ ತೆರೆದರೆ ಅಕ್ಷರ ಬಾರದವರಿಗೆ ಅರ್ಥದ ಗೊಡವೆ ಏಕೆಂದು ಗದರುತ್ತಿದ್ದರು. ಅವರನ್ನು ಕಂಡರೆ ನನಗೆ ಮೈಯುರಿಯುತ್ತಿತ್ತು. ಆದರೂ ಪ್ರತಿ ತಿಂಗಳ ರಿಪೋರ್ಟಿನಲ್ಲಿ ‘ಮಾದರಿ ಗುಂಪು’ ಎಂದು ಬರೆಯುತ್ತಿದ್ದೆ. ಹಾಜರಿ ಚೆನ್ನಾಗಿತ್ತು, ನನ್ನ ಮೇಲಿನವರಿಗೆ ಅಷ್ಟೇ ಸಾಕಿತ್ತು.

ಆ ಭಾನುವಾರ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ. ಯೇಸು ಬಾವಿಯ ಹತ್ತಿರ ಕುಳಿತು, ನೀರಿಗೆ ಬಂದ ಸಮಾರ್ಯದ ಹೆಂಗಸಿನ ಹತ್ತಿರ ಕುಡಿಯಲು ಕೇಳುವ ಭಾಗ. ಅವಳಿಗೆ ಐದು ಜನ ಗಂಡಂದಿರಾಗಿದ್ದರು, ಹೊತ್ತು ಮಧ್ಯಾಹ್ನ. ಹೆಡ್‌ಮಾಸ್ತರರು ಕನ್ನಡಕ ಏರಿಸಿಕೊಂಡು, ಮಧ್ಯಾಹ್ನವೆಂದರೆ ಕಾಲದ ಪರಿಪೂರ್ಣತೆ, ಕೊಡವೆಂದರೆ ಪಾಪದ ಶರೀರ ಎಂದು ಶುರುಮಾಡಿದರು. ಅರ್ಧ ಗಂಟೆಯಾದರೂ ಆ ಹೆಂಗಸಿನ ಕೊಡ ಬಾವಿಗೆ ಇಳಿಯಲಿಲ್ಲ. ನನಗೆ ಸಾಕಾಯಿತು. ಆ ಗುಂಪಿನಲ್ಲಿ ಮೊದಲ ಸಲ ನಡುವೆ ಬಾಯಿ ಹಾಕಿ ಕೇಳಿದೆ: “ಆಕೆ ಮಧ್ಯಾಹ್ನವೇ ಯಾಕೆ ನೀರಿಗೆ ಬಂದಳು? ಯಾರಾದರೂ ಹೇಳ್ರಿ.”

ಬಾಗಿಲ ಹತ್ತಿರದಿಂದ ಸಾರವ್ವ ಉತ್ತರ ಕೊಟ್ಟಳು. ಮೊದಲ ಗಂಡ ಬಿಟ್ಟುಹೋದ ಮೇಲೆ ಅವಳು ಉಡಿಕಿಯಾಗಿದ್ದಳು, ಅಂದರೆ ಸೀರೆ ಉಡಿಸಿ ಮಾಡಿಕೊಳ್ಳುವ ಎರಡನೇ ಮದುವೆ. ಅದಕ್ಕಾಗಿ ಅವಳನ್ನು ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ದೂರ ಇಟ್ಟಿದ್ದರು.

“ಮುಂಜಾನಿ ಹೋದ್ರ ಉಳಿದ ಹೆಣ್ಮಕ್ಳು ಇರ್ತಾರಲ್ರಿ ಸರ್. ಗಂಡಂದಿರ ಮಾತು ತೆಗದು ನಗ್ತಾರ. ಬಿಸಲಾಗ ಯಾರೂ ಇರಂಗಿಲ್ಲ. ನಾನೂ ಅದಕ್ಕ ಮಧ್ಯಾಹ್ನ ನೀರಿಗೆ ಹೋಗ್ತೀನ್ರಿ.”

ಅವಳ ಪಕ್ಕದ ಮನೆಯ ರತ್ನವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ನಾನು ಓದಿದ ಯಾವ ವ್ಯಾಖ್ಯಾನವೂ ಆ ಸಮಾರ್ಯದ ಹೆಂಗಸನ್ನು ಅಷ್ಟು ಹತ್ತಿರದಿಂದ ತೋರಿಸಿರಲಿಲ್ಲ.

ಹೆಡ್‌ಮಾಸ್ತರರು ಪುಸ್ತಕ ಮುಚ್ಚಿದರು. “ಉಡಿಕಿ ಆದಾಕಿ ನೀನು, ದೇವರ ವಾಕ್ಯಕ್ಕ ಅರ್ಥ ಹೇಳ್ತಿಯೇನು? ಏಳು, ಹೊರಗ ನಡಿ.”

ಸಾರವ್ವ ಎದ್ದು ಹೋದಳು. ಅವರು ಆಮೇಲೆ ದೀನತೆಗಾಗಿ ಉದ್ದನೆಯ ಪ್ರಾರ್ಥನೆ ಮಾಡಿದರು. ನಾನು ಆಮೆನ್ ಎಂದೆ.

ಅಷ್ಟಾದರೂ ಅವರಿಗೆ ಸಮಾಧಾನವಾಗದೆ ನಮ್ಮ ಕಚೇರಿಗೆ ದೂರು ಬರೆದರು. ಆ ಊರಿನ ಧೂಳು ಒಂದು ದಿನವೂ ಮೆಟ್ಟದ ನಮ್ಮ ಮೇಲ್ವಿಚಾರಕರಿಂದ ಉತ್ತರ ಬಂತು: ಸಭೆಯ ಐಕ್ಯ ಮುಖ್ಯ, ಆ ಹೆಂಗಸು ಕೆಲಕಾಲ ದೂರವಿರಲಿ. ಐಕ್ಯವಂತೆ! ಒಬ್ಬಳನ್ನು ಹೊರಗೆ ಹಾಕಿ ಉಳಿದವರನ್ನು ಎಣಿಸುವುದಕ್ಕೆ ಆ ಹೆಸರು. ಹೀಗೆಲ್ಲ ಮನಸ್ಸಿನಲ್ಲಿ ಬೈದುಕೊಳ್ಳುತ್ತಲೇ ಆ ಮಾತನ್ನು ಹೊತ್ತು ಸಾರವ್ವನ ಮನೆಗೆ ಹೋದವನು ನಾನೇ.

ಅವಳು ಶೇಂಗಾ ಸುಲಿಯುತ್ತಿದ್ದಳು. “ನಾಲ್ಕು ವಾರ ಬರಬ್ಯಾಡ್ರಿ, ವಿಷಯ ತಣ್ಣಗಾಗಲಿ,” ಎಂದೆ.

“ಯೇಸುಸ್ವಾಮಿ ಆಕೀನ ಹೋಗು ಅನ್ನಲಿಲ್ಲಲ್ರಿ ಸರ್? ಕುಂತು ಮಾತಾಡಿದ್ರು ಅಂತಲೇ ಐತಲ್ಲ?”

ಅವಳ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು. ಬಸ್ಸಿನ ಹೊತ್ತಾಯಿತು ಎಂದು ಎದ್ದು ಬಂದೆ. ಹೆಡ್‌ಮಾಸ್ತರರ ಮೇಲೆ ನನಗಿದ್ದ ತಾತ್ಸಾರದಲ್ಲಿ ದೊಡ್ಡ ಪಾಲು ಅಂದಿನಿಂದ ನನ್ನ ಮೇಲೆಯೇ ತಿರುಗಿತು.

ಮುಂದಿನ ತಿಂಗಳು ಹೋದಾಗ ಪಡಸಾಲೆಯಲ್ಲಿ ಇಬ್ಬರು ಮುದುಕರಿದ್ದರು. ಒಬ್ಬರಿಗೆ ನಿದ್ದೆ ಹತ್ತಿತ್ತು. ಹೆಡ್‌ಮಾಸ್ತರರು ಯಥಾಪ್ರಕಾರ ಅರ್ಥ ಹೇಳುತ್ತಿದ್ದರು. ಹೆಂಗಸರೆಲ್ಲ ರತ್ನವ್ವನ ಅಂಗಳದಲ್ಲಿದ್ದಾರೆಂದು ತಿಳಿದು ಅಲ್ಲಿಗೆ ಹೋದೆ. ಮೂರನೇ ಕ್ಲಾಸು ಓದಿದ್ದ ರತ್ನವ್ವ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. ಅವಳ ಮಗ್ಗುಲಲ್ಲೇ ಸಾರವ್ವ ಕುಳಿತಿದ್ದಳು.

“ಆಕೀನ ನೋಡಿ ನಕ್ಕಾಕಿ ನಾನ ರಿ ಸರ್,” ಎಂದಳು ರತ್ನವ್ವ, ಕಣ್ಣು ಪುಸ್ತಕದ ಮೇಲೆಯೇ ಇಟ್ಟು. “ಮನೀಗೆ ಹೋಗಿ ತಪ್ಪಾತವ್ವ ಅಂದು ಕರಕೊಂಡು ಬಂದೀನಿ.”

ನನಗೂ ಚಾಪೆಯ ಮೇಲೆ ಜಾಗ ಕೊಟ್ಟರು. ಓದು ಮುಗಿದು ಸಾರವ್ವ ತನಗೆ ತಿಳಿದದ್ದನ್ನು ತಡೆತಡೆದು ಹೇಳತೊಡಗಿದಳು. ಒಂದು ಕಡೆ ಮಾತಿಗೆ ತಡಕಾಡಿದಳು. ತಕ್ಷಣ ನಾನು, ತರಬೇತಿ ಪಡೆದ ಸಂಘಟಕ, ಗಂಟಲು ಸರಿಮಾಡಿಕೊಂಡು, “ಇದರ ಅರ್ಥ ಏನಂದರೆ...” ಎಂದೆ.

ಆಮೇಲೆ ಆ ಕೆಲಸದಲ್ಲಿ ಹಲವು ವರ್ಷ ಇದ್ದೆ, ಹೊಸಬರಿಗೆ ತರಬೇತಿಯನ್ನೂ ಕೊಟ್ಟೆ. ಅವರಿಗೆ ಹೇಳಲು ನನ್ನ ಬಳಿ ಇದ್ದ ಪಾಠ ಒಂದೇ. ಅದು ಅಂದು ರತ್ನವ್ವನ ಬಾಯಿಂದ ಬಂದದ್ದು:

“ಸುಮ್ನ ಕುಂದರ್ರಿ ಸರ್. ಆಕಿ ಇನ್ನೂ ಹೇಳಾಕತ್ಯಾಳ.”