ಈಜುಕೊಳದ ವಾಚಪ್ಪ

ಬೆಳಗಿನ ಐದಕ್ಕೆ ಅಲಾರಂ ಬಡಿದುಕೊಳ್ಳುತ್ತಿತ್ತು. ಅವನು ಮಾತ್ರ ಅಲ್ಲಾಡುತ್ತಿರಲಿಲ್ಲ. ಮಗಳು ಬಂದು ಕಾಲಿನ ಹೆಬ್ಬೆರಳು ಹಿಡಿದೆಳೆದಾಗಲೇ ದಡಕ್ಕನೆ ಎದ್ದು ಕೂರುವುದು.

"ಪಕ್ಕದ ಮನೆಯವರೆಲ್ಲ ಎದ್ದಾಯ್ತು ಅಪ್ಪ, ನೀನೊಬ್ಬ ಬಾಕಿ" ಎಂದು ಅವಳು ನಗುತ್ತಿದ್ದಳು. ಅವನು ಮೊಳೆಗೆ ತೂಗುಹಾಕಿದ್ದ ಸ್ಟಾಪ್‌ವಾಚನ್ನು ಕೊರಳಿಗೆ ಹಾಕಿಕೊಂಡು ಅವಳ ಹಿಂದೆಯೇ ಮೆಟ್ಟಿಲಿಳಿಯುತ್ತಿದ್ದನು. ಮಳೆಯಿರಲಿ ಚಳಿಯಿರಲಿ, ಆರು ವರ್ಷಗಳಿಂದ ಇದೇ ಪಾಡು. ಈಜುಕೊಳದ ಮಕ್ಕಳು ಅವನಿಗೆ ವಾಚಪ್ಪ ಎಂದೇ ಹೆಸರಿಟ್ಟಿದ್ದರು.

ಕೋಚ್ ಒಬ್ಬರೇ, ಮಕ್ಕಳು ಇಪ್ಪತ್ತೆರಡು. "ನಿಮ್ಮ ಹುಡುಗಿ ಲೆಕ್ಕ ನೀವೇ ನೋಡ್ಕೊಳ್ಳಿ ಯಜಮಾನ್ರೇ. ನಾನು ಸೀಟಿ ಊದ್ತೀನಿ, ನೀವು ವಾಚ್ ಒತ್ತಿ" ಎಂದು ಅವರು ಮೊದಲ ವರ್ಷವೇ ಹೇಳಿಬಿಟ್ಟಿದ್ದರು. ಅವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಬೇಕಿರಲಿಲ್ಲ. ಮಗಳ ಸಮಯವನ್ನು ಒಂದು ನೋಟ್‌ಪುಸ್ತಕದಲ್ಲಿ ಮುತ್ತು ಪೋಣಿಸಿದಂತೆ ಬರೆದಿಡುತ್ತಿದ್ದನು. ಹೆಂಡತಿ ಇಸ್ತ್ರಿ ಅಂಗಡಿಯ ಕೆಲಸದಿಂದ ಬಂದು, ಸವೆದ ಈಜುಡುಗೆಯ ಪಟ್ಟಿಗೆ ಹೊಲಿಗೆ ಹಾಕುತ್ತಾ ಅದನ್ನು ಓದಿಸಿ ಕೇಳುತ್ತಿದ್ದಳು.

ಅವನ ಕೆಲಸ ತಗಡಿನ ಡಬ್ಬಿಗಳ ಕಾರ್ಖಾನೆಯಲ್ಲಿ. ಮುಚ್ಚಳ ಒತ್ತುವ ಯಂತ್ರದ ಮುಂದೆ ಹತ್ತೊಂಬತ್ತು ವರ್ಷ ನಿಂತವನು. ಅಲ್ಲಿ ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಬಂದಾಗ ಕೈಯೆತ್ತಲು ಹೇಳುತ್ತಾರೆ. ಕೈಯೆತ್ತದವನನ್ನು ಯಂತ್ರದಿಂದ ತೆಗೆದು ಗುಡಿಸುವ ಕೆಲಸಕ್ಕೆ ಹಾಕುತ್ತಾರೆ. ಅವನು ನಾಲ್ಕು ವರ್ಷಗಳಿಂದ ತಪ್ಪದೆ ಕೈಯೆತ್ತಿದ್ದನು. ನರ್ಸಮ್ಮ ಗುಂಡಿ ಒತ್ತುವ ಬೆರಳು ಎದುರಿನ ಬೀರುವಿನ ಗಾಜಿನಲ್ಲಿ ಕಾಣುತ್ತಿತ್ತು. ಅದನ್ನು ನೋಡಿಕೊಂಡು ಎತ್ತುತ್ತಿದ್ದನು. ಮನೆಯಲ್ಲಿ ಹೆಂಡತಿ, "ಏನ್ರೀ, ಕುಕ್ಕರ್ ಆರು ಸಲ ಕೂಗಿತು, ಕಲ್ಲಿನ ಹಾಗೆ ಕೂತಿದೀರಲ್ಲ" ಎಂದರೆ, "ಏನೋ ಯೋಚನೆ ಮಾಡ್ತಿದ್ದೆ ಕಣೇ" ಎಂದು ತೇಲಿಸಿಬಿಡುತ್ತಿದ್ದನು. ಮಂದ್ರ ದನಿ ಕೇಳುತ್ತಿತ್ತು. ತುಟಿ ಕಂಡರೆ ಮಾತೂ ತಿಳಿಯುತ್ತಿತ್ತು. ಇಷ್ಟರಲ್ಲೇ ಸಂಸಾರ ಸಾಗುತ್ತಿತ್ತು.

ಮಗಳಿಗೆ ಹದಿನಾರು ತುಂಬಿತ್ತು. ನೂರು ಮೀಟರ್ ಬಟರ್‌ಫ್ಲೈಯನ್ನು ಒಂದು ನಿಮಿಷ ಐದು ಸೆಕೆಂಡಿನೊಳಗೆ ಮುಗಿಸಿದರೆ ರಾಜಧಾನಿಯ ತರಬೇತಿ ಶಾಲೆಯಲ್ಲಿ ಸ್ಥಾನ. ಊಟ, ವಸತಿ, ಓದು ಎಲ್ಲವೂ ಅಲ್ಲಿಯೇ. ಹದಿನೇಳಾದ ಮೇಲೆ ಆ ಬಾಗಿಲು ಮುಚ್ಚಿದಂತೆಯೇ. ಇದೇ ಕಡೆಯ ಅವಕಾಶ. ಅಪ್ಪನ ಪುಸ್ತಕದಲ್ಲಾದರೋ ಎರಡು ತಿಂಗಳಿಂದ ಅವಳ ಸಮಯ ಐದರ ಕೆಳಗೇ ಇತ್ತು.

ಆದರೂ ಅವಳಿಗೊಂದು ಅಳುಕು. "ಕಟ್ಟೆ ಮೇಲಿಂದ ಹಾರೋದರಲ್ಲಿ ನಾನು ಹಿಂದೆ ಬೀಳ್ತಿದೀನಿ ಅನ್ಸುತ್ತೆ ಅಪ್ಪ. ಎಲ್ಲರೂ ನೀರಿಗೆ ಬಿದ್ದಮೇಲೆ ನಾನು ಬೀಳ್ತೀನಿ."

"ವಾಚ್ ಸುಳ್ಳು ಹೇಳುತ್ತಾ ಪುಟ್ಟಿ? ತಲೆ ಕೆಡಿಸ್ಕೋಬೇಡ, ಕೊನೇ ಸುತ್ತು ನೋಡ್ಕೋ."

ಕೋಚ್ ಕೂಡ ಪುಸ್ತಕ ನೋಡಿ ಹೌದೆಂದರು. ಅವಳು ಹಾರುವ ಅಭ್ಯಾಸ ಬಿಟ್ಟು ಕೊನೆಯ ಸುತ್ತಿಗೆ ಮೈ ಸವೆಸಿದಳು.

ಸ್ಪರ್ಧೆಯ ದಿನ ಅವಳು ಕೈಬಿಚ್ಚಿ ಈಜಿದಳು. ಗೋಡೆ ಮುಟ್ಟಿ, ಕನ್ನಡಕ ಮೇಲೆತ್ತಿ, ಮೊದಲು ಅಪ್ಪನ ಕಡೆ ನೋಡಿದಳು. ಅವನು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದನು. ಅವಳೂ ನಕ್ಕಳು. ಆಮೇಲೆ ತಿರುಗಿ ಬೋರ್ಡು ನೋಡಿದಳು. ಒಂದು ನಿಮಿಷ, ಐದು ಸೆಕೆಂಡು, ನಲವತ್ತೊಂದು.

"ಯಂತ್ರ ಕೆಟ್ಟಿದೆ!" ಎಂದು ಅವನು ಕೋಚ್ ಮುಂದೆ ವಾಚು ಹಿಡಿದನು. ಅದರಲ್ಲಿದ್ದದ್ದು ಒಂದು ನಿಮಿಷ, ನಾಲ್ಕು ಸೆಕೆಂಡು, ಎಪ್ಪತ್ತು.

ಕೋಚ್ ವಾಚನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಬನ್ನಿ ಯಜಮಾನ್ರೇ. ಮುಂದಿನ ಸ್ಪರ್ಧೆಗೆ ಇಬ್ಬರೂ ಟೈಮ್ ಹಿಡಿಯೋಣ. ಮೂರನೇ ಸಾಲಿನ ಹುಡುಗ."

ಇಬ್ಬರೂ ಮೊಣಕೈಗೆ ಮೊಣಕೈ ತಾಗುವಂತೆ ನಿಂತರು. ಈಜು ಮುಗಿದಾಗ ಕೋಚ್ ವಾಚು ಬೋರ್ಡಿಗೆ ಹತ್ತಿರವಿತ್ತು. ಅವನದು ಮತ್ತೆ ಮುಕ್ಕಾಲು ಸೆಕೆಂಡಿನಷ್ಟು ಕಡಿಮೆ.

"ಯಾವಾಗ ಒತ್ತಿದ್ರಿ?"

"ಹಾರಿದ ಕೂಡಲೇ. ಕಾಲು ಕಟ್ಟೆ ಬಿಟ್ಟಿತು, ಒತ್ತಿದೆ."

"ಶುರುವಿನ ಹಾರ್ನ್ ಕೇಳಿ ಒತ್ತಬೇಕಲ್ವಾ?"

"ಹಾರ್ನ್ ಎಲ್ಲಿ ಹೊಡೆದ್ರು?"

ಕೋಚ್ ತಮ್ಮ ಸೀಟಿಯನ್ನು ಬಾಯಿಗಿಟ್ಟು ಊದಿದರು. ಸುತ್ತಲಿದ್ದ ನಾಲ್ಕೈದು ಮಕ್ಕಳು ಬೆಚ್ಚಿ ತಿರುಗಿದರು. ಅವನಿಗೆ ಕಂಡದ್ದು ಉಬ್ಬಿದ ಕೆನ್ನೆ ಮಾತ್ರ.

ಮೊದಲ ವರ್ಷ ಸೀಟಿ ಕೇಳುತ್ತಿದ್ದುದು ಅವನಿಗೆ ನೆನಪಿತ್ತು. ಎಂದು ನಿಂತಿತೋ ತಿಳಿಯದು. ಕಿವಿಯ ಕೆಲಸವನ್ನು ಕಣ್ಣು ಹೇಳದೆ ಕೇಳದೆ ವಹಿಸಿಕೊಂಡಿತ್ತು. ಸೀಟಿಗೂ ಹಾರುವುದಕ್ಕೂ ನಡುವೆ ಮಗಳು ಕಳೆದುಕೊಳ್ಳುತ್ತಿದ್ದ ಸಮಯ ಅವನ ವಾಚಿಗೆ ಒಂದು ದಿನವೂ ಕಂಡಿರಲಿಲ್ಲ. ಅವಳ ಅಳುಕು ಸರಿಯಾಗಿಯೇ ಇತ್ತು.

"ನಾನಾದರೂ ಒಂದು ದಿನ ನನ್ನ ವಾಚಲ್ಲಿ ನೋಡಬೇಕಿತ್ತು" ಎಂದರು ಕೋಚ್, ಅವನ ಮುಖಕ್ಕೆ ನೇರವಾಗಿ ನಿಂತು. "ಅವಳಿಗೆ ನಾನು ಹೇಳ್ಲಾ?"

"ಬೇಡ. ನಾನೇ ಹೇಳ್ತೀನಿ."

ಬಸ್ಸಿನಲ್ಲಿ ಹೇಳಿದನು. ಒದ್ದೆ ಕೂದಲಿನ ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೀರುವಿನ ಗಾಜು, ನರ್ಸಮ್ಮನ ಬೆರಳು, ಸೀಟಿ, ಒಂದನ್ನೂ ಬಿಡದೆ ಹೇಳಿದನು. ಅವಳು ತಿರುಗಲಿಲ್ಲ. ಕಿಟಕಿಯ ಗಾಜಿನ ಮೇಲೆ ಉಸಿರಿನ ಮಬ್ಬು ಎರಡು ಸಲ ಮೂಡಿ ಆರಿತು, ಏನೋ ಅಂದಳು. ಏನಂದೆ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಮರುದಿನ ಅವನಿಗೆ ಎಚ್ಚರವಾದಾಗ ಕೋಣೆಯ ತುಂಬ ಬಿಸಿಲಿತ್ತು. ಹೆಬ್ಬೆರಳನ್ನು ಯಾರೂ ಎಳೆದಿರಲಿಲ್ಲ. ಪಕ್ಕದ ಹಾಸಿಗೆ ಮಡಿಸಿತ್ತು. ಬಾಗಿಲ ಬಳಿ ಹೆಂಡತಿಯ ಚಪ್ಪಲಿ ಇರಲಿಲ್ಲ, ಮಗಳದೂ ಇರಲಿಲ್ಲ, ಅವಳ ಈಜುಡುಗೆಯ ಚೀಲವೂ ಇರಲಿಲ್ಲ. ಅವನು ಗೋಡೆಯತ್ತ ನೋಡಿದನು. ವಾಚೂ ಇರಲಿಲ್ಲ, ಬರೀ ಮೊಳೆ ಇತ್ತು.