ನಾನು ಯಂತ್ರವಾಗಿದ್ದಾಗ ಬಂದ ಒಂದು ಉತ್ತರ

ಬಿ.ಎ. ಪಾಸಾದ ವರ್ಷ ನಾನು ಎರಡು ಚಟ ಬಿಟ್ಟೆ. ಒಂದು ಬೀಡಿ, ಇನ್ನೊಂದು ದೆವ್ವ. ಬೀಡಿ ಮುಂದೆ ಮತ್ತೆ ಹತ್ತಿಕೊಂಡಿತು. ದೆವ್ವವನ್ನು ಮಾತ್ರ ಮತ್ತೆ ಹತ್ತಿರ ಬರಗೊಡಲಿಲ್ಲ. ಧಾರವಾಡದಿಂದ ಏಳೆಂಟು ಮೈಲಿ ದೂರದ ಅಮ್ಮಿನಬಾವಿಯ ನಮ್ಮ ಓಣಿಯಲ್ಲಿ ಸಂಜೆಯಾದ ಮೇಲೆ ಹುಣಸೆ ಮರದ ಕೆಳಗೆ ಹಾಯಲು ಹೆದರುವವರನ್ನು ಕಂಡರೆ ನಿಲ್ಲಿಸಿ ವಾದ ಮಾಡುತ್ತಿದ್ದೆ. ಅಪ್ಪ ಮಂದಿಯ ಹೊಲದಲ್ಲಿ ದುಡಿದು, ಅವ್ವ ಹತ್ತಿ ಬಿಡಿಸಿ ನನ್ನನ್ನು ಓದಿಸಿದ್ದರು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವನು ನಾನೇ ಮೊದಲನೆಯವನು. ಅಂಥ ಡಿಗ್ರಿಯನ್ನು ಕೈಯಲ್ಲಿ ಹಿಡಿದುಕೊಂಡು ದೆವ್ವ ನಂಬಿದರೆ ಅಪ್ಪನ ಬೆವರಿಗೆ ಅವಮಾನ ಅಂತ ನನ್ನ ತಿಳುವಳಿಕೆ. ಈಗಲೂ ನಂಬುತ್ತೇನೆ ಎಂದು ಹೇಳುವುದಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನಿರ್ಣಯ ನಿಮಗೇ ಬಿಟ್ಟದ್ದು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ಕೆಲಗೇರಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಬಂಗಲೆ. ಅಲ್ಲಿ ಮನಸ್ಸಿನ ರೋಗಗಳ ಡಾಕ್ಟರೊಬ್ಬರು ಸಂಶೋಧನೆ ನಡೆಸಿದ್ದರು. ಅವರ ಹೆಸರು ಇಲ್ಲಿ ಬೇಡ. ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದವರು. ಅಲ್ಲಿ ಅವರು ಒಂದು ಕಂಪ್ಯೂಟರ್ ನೋಡಿದ್ದರಂತೆ. ಕೋಣೆ ತುಂಬುವಷ್ಟು ದೊಡ್ಡದು. ಮನಸ್ಸಿಗೆ ತ್ರಾಸಾದವರು ಅದರ ಮುಂದೆ ಕೂತು ತಮ್ಮ ದುಃಖವನ್ನು ಟೈಪ್ ಮಾಡಿದರೆ, ಅದು ತಿರುಗಿ ಪ್ರಶ್ನೆ ಕೇಳುತ್ತದೆ. ಮನುಷ್ಯರ ಮುಂದೆ ಬಾಯಿ ಬಿಡದವರು ಯಂತ್ರದ ಮುಂದೆ ಬಿಡುತ್ತಾರೆ, ಕೆಲವೇ ಸಲ ಕೂತರೂ ಎದೆಯ ಭಾರ ಇಳಿಯುತ್ತದೆ ಎಂದು ಡಾಕ್ಟರು ನಂಬಿದ್ದರು.

"ಯಂತ್ರ ತರ್ಲಿಕ್ಕೆ ನಮ್ಮ ಕಡೆ ಆಗೂದಿಲ್ಲ. ಅದರ ಬುದ್ಧಿ ತರಬಹುದು. ಬುದ್ಧಿ ಅಂದ್ರ ಬರೇ ನಿಯಮ. ನಿಯಮ ನಡಸ್ಲಿಕ್ಕೆ ಒಬ್ಬ ಮನಶ್ಯಾ ಸಾಕು. ಖರೇ ಯಂತ್ರ ಬರೂತನಕಾ ನೀನ ಯಂತ್ರ" ಎಂದರು, ನನ್ನನ್ನು ಕೆಲಸಕ್ಕೆ ತಗೊಂಡ ದಿನ.

ಬಂಗಲೆಯ ಒಂದು ಕೋಣೆಗೆ ನಡುವೆ ಕಟ್ಟಿಗೆಯ ಗೋಡೆ ಹಾಕಿಸಿದ್ದರು. ಆಚೆ ಪೇಶಂಟು, ಈಚೆ ನಾನು. ನನ್ನ ಮುಂದೆ ಕನ್ನಡ ಟೈಪರೈಟರ್, ಪಕ್ಕದಲ್ಲಿ ಕಾರ್ಡುಗಳ ಪೆಟ್ಟಿಗೆ. ಪೇಶಂಟು ಮಾತಾಡಬೇಕು. ಮಾತಿನಲ್ಲಿ 'ನಿದ್ದಿ' ಅಂತ ಬಂದರೆ ನಿದ್ದಿಯ ಕಾರ್ಡು ತೆಗೆಯಬೇಕು, 'ಕನಸು' ಬಂದರೆ ಕನಸಿನ ಕಾರ್ಡು. ಕಾರ್ಡಿನಲ್ಲಿದ್ದ ಪ್ರಶ್ನೆಯನ್ನು ಟೈಪ್ ಮಾಡಿ, ಆ ಚೀಟಿಯನ್ನು ಗೋಡೆಯ ಕೆಳಗಿನ ಸಂದಿಯಿಂದ ಆಚೆ ದೂಡಬೇಕು. ಯಾವ ಕಾರ್ಡೂ ಹೊಂದದಿದ್ದರೆ 'ಮುಂದ ಹೇಳ್ರಿ'. ಪ್ರತಿ ಸಲ ಶುರುವಿಗೆ ಒಂದೇ ಚೀಟಿ: ಕೈ ಸಡಿಲ ಬಿಡ್ರಿ, ನಿಧಾನಕ್ಕ ಉಸಿರು ತಗೋರಿ, ನಿಧಾನಕ್ಕ ಬಿಡ್ರಿ. ಒಬ್ಬೊಬ್ಬರಿಗೆ ಎಂಟು ಸಲ, ಅಷ್ಟಕ್ಕೆ ಮುಗಿಯಿತು. ಯಾರಿಗೂ ಮೋಸ ಮಾಡಲಿಲ್ಲ. ಒಳಗೆ ಒಬ್ಬ ಕಾರಕೂನ ಇದ್ದಾನೆ, ಮಾತು ಮಾತ್ರ ಅವನದಲ್ಲ, ಯಂತ್ರದ್ದು ಎಂದು ಡಾಕ್ಟರು ಮೊದಲೇ ಹೇಳುತ್ತಿದ್ದರು.

ಕಾರ್ಡುಗಳನ್ನು ಮೊದಲು ಡಾಕ್ಟರೇ ಪುಸ್ತಕದ ಕನ್ನಡದಲ್ಲಿ ಬರೆದಿದ್ದರು. 'ತಮ್ಮ ಸ್ವಪ್ನವನ್ನು ವಿಶದಪಡಿಸಿರಿ' ಎಂಬಂಥವು. ಮೊದಲ ಪೇಶಂಟು, ಒಬ್ಬ ಅರಳೆ ವ್ಯಾಪಾರಿ, "ಕೋರ್ಟಿನ ನೋಟೀಸ ಬಂದಂಗ ಆತಲ್ರಿ" ಎಂದು ಎದ್ದು ಹೋದ. ಆಮೇಲೆ ಎಲ್ಲವನ್ನೂ ನಾನು ನಮ್ಮ ಮಾತಿಗೆ ತಿರುಗಿಸಿದೆ. ಆ ಕೆಲಸದ ಬಗ್ಗೆ ನನಗೆ ಇಂದಿಗೂ ಅಭಿಮಾನ ಇದೆ.

ಒಂದು ನಿಯಮವನ್ನು ಡಾಕ್ಟರು ಮತ್ತೆ ಮತ್ತೆ ಹೇಳುತ್ತಿದ್ದರು. "ನಿನ್ನದೊಂದು ಶಬ್ದಾನೂ ಆಚೆ ಹೋಗಬಾರದು. ಯಂತ್ರಕ್ಕ ಕನಿಕರ ಇಲ್ಲ. ನಿನಗ ಬಂದ್ರ ನುಂಗಿಕೋ."

ದಸರೆ ಮುಗಿದ ಮೇಲೆ ಒಬ್ಬ ಶಿಕ್ಷಕಿ ಬರತೊಡಗಿದರು. ಶಾಂತಾಬಾಯಿ ಎಂದು ಕರೆಯುತ್ತೇನೆ, ಅದು ಅವರ ಹೆಸರಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದರು; ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕಾವ್ರು ಅನ್ನುತ್ತಾರೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳಕೊಂಡು ಒಬ್ಬರೇ ಇದ್ದರು. ಅವರ ಮುಖ ನಾನು ನೋಡಲಿಲ್ಲ, ನೋಡಬಾರದೆಂಬುದೂ ನಿಯಮವೇ. ಅವರ ದನಿ ಮಾತ್ರ ಗೊತ್ತು. ಮೊದಲ ದಿನ ಕೂತವರೇ ಗೋಡೆಗೆ "ಊಟಾ ಆತ್ರಿ?" ಎಂದು ಕೇಳಿದರು. ಊಟದ ಕಾರ್ಡು ಇತ್ತು. ನಾನು ಅದನ್ನು ತೆಗೆದು ಟೈಪ್ ಮಾಡಿದೆ: 'ಊಟ ಸರಿಯಾಗಿ ಹೋಗ್ತದೇನ್ರಿ?' ಆಚೆ ಅಳು ಕೇಳಿತು. "ಆ ಕೂಸು ಹೋದ ಮ್ಯಾಲೆ ಇದನ್ನ ನನಗ ಯಾರೂ ಕೇಳಿಲ್ರಿ" ಎಂದರು.

ಆ ಕೂಸು ಅವರ ವಿದ್ಯಾರ್ಥಿನಿ, ನೀಲವ್ವ. ಮಕ್ಕಳನ್ನು ಲಕಮನಹಳ್ಳಿ ಕಡೆಯ ಒಂದು ತೋಟಕ್ಕೆ ಊಟಕ್ಕೆ ಕರಕೊಂಡು ಹೋದಾಗ ಹುಡುಗಿ ಪಕ್ಕದ ಹೊಲದ ಬಾವಿಯಲ್ಲಿ ಬಿದ್ದು ಸತ್ತಿತ್ತು. ಅಂದಿನಿಂದ ಶಾಂತಾಬಾಯಿಯವರಿಗೆ ನಿದ್ದೆ ಇಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯಲು ನಿಂತರೆ ಕೈಯಿಂದ ಖಡು ಜಾರಿ ಬೀಳುತ್ತಿತ್ತು. ಶಾಲೆಯವರು ರಜೆ ಕೊಟ್ಟು ಕಳಿಸಿದ್ದರು.

ಮೂರು ಸಲ ಕೂತ ಮೇಲೆ, ನಾಲ್ಕನೆಯ ಸಲ, ಅವರು ಯಾರಿಗೂ ಹೇಳದ್ದನ್ನು ಹೇಳಿದರು.

"ಬಾವಿಗೆ ಹೋಗಿ ಊಟದ ಡಬ್ಬಿ ತೊಳಕೊಂಡು ಬಾ ಅಂತ ಕಳಿಸಿದಾಕಿ ನಾನ. ನನ್ನ ಡಬ್ಬಿ. ಪಂಚನಾಮಿ ಮಾಡ್ಲಿಕ್ಕೆ ಬಂದವರ ಮುಂದ ಕೂಸು ತಾನ ಆಡಕೋತ ಹೋತು ಅಂದೆ. ಆಕಿ ತಾಯಿ ನನ್ನ ಕಾಲಿಗೆ ಬಿದ್ದು ಕೇಳಿದ್ಲು, ಅಕ್ಕಾವ್ರ, ಯಾಕ ಹೋಗಿತ್ರಿ ಅಂತ. ಆಕಿಗೂ ಹಂಗ ಅಂದೆ."

ಕಾರ್ಡು ಹುಡುಕಿದೆ. ಯಾವುದೂ ಹೊಂದಲಿಲ್ಲ. 'ಮುಂದ ಹೇಳ್ರಿ' ಎಂದು ಟೈಪ್ ಮಾಡಿ ದೂಡಿದೆ. ನಾನು ಕೇಳಿದ್ದನ್ನು ಡಾಕ್ಟರಿಗೂ ಹೇಳಲಿಲ್ಲ. ಶಾಂತಾಬಾಯಿಯವರು ಈಗ ಇಲ್ಲವೆಂದು ಗೊತ್ತಾದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಮುಂದಿನ ವಾರ ಡಾಕ್ಟರು ಪುಣೆಗೆ ಹೋದರು. ನಾನು ರವಿವಾರ ಊರಿಗೆ ಬಂದವನು ಚಳಿಜ್ವರದಲ್ಲಿ ಮಲಗಿಬಿಟ್ಟೆ. ಹಳ್ಳಿಯಲ್ಲಿ ಫೋನಿಲ್ಲ, ಹೇಳಿ ಕಳಿಸಲು ಯಾರೂ ಸಿಗಲಿಲ್ಲ. ಬುಧವಾರ ಮಧ್ಯಾಹ್ನ ಶಾಂತಾಬಾಯಿಯವರು ಬರುವ ದಿನ. ಬಂದು, ಉತ್ತರ ಬರದೆ, ತಿರುಗಿ ಹೋಗುತ್ತಾರೆ ಎಂದು ಮನಸ್ಸಿಗೆ ಕೆಟ್ಟೆನಿಸಿತು. ಬುಧವಾರ ಬೆಳಿಗ್ಗೆ ಹಾಗೆ ಅಂದುಕೊಂಡದ್ದು ನೆನಪಿದೆ. ಆ ಮಧ್ಯಾಹ್ನ ನೆನಪಿಲ್ಲ. ಜ್ವರ ಏರಿತ್ತು. ಬಂಗಲೆಯಲ್ಲಿ ಟೈಪರೈಟರ್ ಇದ್ದ ನನ್ನ ಭಾಗದ ಕೀಲಿ ಎಲ್ಲಿತ್ತೆಂದು ಕೇಳಿದರೆ, ನನ್ನ ಉಡದಾರದಲ್ಲಿ. ಇನ್ನೊಂದು ಕೀಲಿ ಡಾಕ್ಟರ ಜೊತೆ ಪುಣೆಯಲ್ಲಿ.

ಜ್ವರ ಬಿಟ್ಟು ಮುಂದಿನ ಬುಧವಾರ ಕೆಲಸಕ್ಕೆ ಹೋದೆ. ಬಂಗಲೆಯ ಕಸ ಹೊಡೆಯುವ ಗಂಗವ್ವ ಅಂಗಳದಲ್ಲಿದ್ದಳು. ಪೇಶಂಟುಗಳಿಗೆ ಆಚೆಯ ಭಾಗ ತೆರೆದು ಕೊಡುವವಳು ಅವಳೇ.

"ಯಾಕ್ರೀ ಸಾಹೇಬ್ರ, ಸೊರಗೀರಿ" ಎಂದಳು.

"ಜ್ವರ ಬಂದಿತ್ತು. ಹಿಂದಿನ ವಾರೆಲ್ಲಾ ಊರಾಗ ಬಿದ್ದಿದ್ದೆ."

"ಸುಳ್ಳ ಯಾಕ ಹೇಳ್ತೀರಿ. ಹೋದ ಬುಧವಾರ ಅಕ್ಕಾವ್ರು ಬಂದಾಗ ನೀವು ಒಳಗ ಇದ್ರಲ್ಲ. ಟಕಾಟಕ್ ಬಡಿಯಾಕತ್ತಿದ್ರಿ. ನಾ ಚಾ ಬೇಕೇನ್ರಿ ಅಂತ ಕೂಗಿದ್ರ ಓ ಅನ್ಲಿಲ್ಲ. ಡಿಗ್ರಿ ಆದವರಿಗೆ ನಮ್ಮ ಚಾ ಸೇರೂದಿಲ್ಲ ಬಿಡು ಅಂದೆ."

ಮುದುಕಿಗೆ ವಾರ ತಪ್ಪಿದೆ ಎಂದು ನಕ್ಕು ಒಳಗೆ ಹೋದೆ. ಕೀಲಿ ಹಾಕಿದ್ದು ಹಾಗೇ ಇತ್ತು. ಮೇಜಿನ ಮೇಲೆ ಧೂಳು, ಕಾರ್ಡಿನ ಪೆಟ್ಟಿಗೆ ಮುಚ್ಚಿತ್ತು.

ಮಧ್ಯಾಹ್ನ ಶಾಂತಾಬಾಯಿಯವರು ಬಂದರು. ಉಸಿರಿನ ಚೀಟಿ ಕೊಟ್ಟೆ. ಅದನ್ನು ಅವರು ಎತ್ತಿಕೊಂಡ ಸದ್ದು ಕೇಳಲಿಲ್ಲ.

"ನೀವು ಹೇಳಿದಂಗ ನಾ ಹೋಗ್ಲಿಲ್ರಿ" ಎಂದರು.

'ಮುಂದ ಹೇಳ್ರಿ' ಎಂದು ದೂಡಿದೆ.

"ಹೇಳೂದೇನದ, ನಿಮಗ ಗೊತ್ತ ಅದ. ಅವತ್ತ ಇಲ್ಲಿಂದ ಸೀದಾ ಆ ಬಾವಿಗೇ ಹೋಗಾಕಿ ಇದ್ದೆ. ಮನಿ ಕೀಲಿ ಬಾಜೂದವರ ಕಡೆ ಕೊಟ್ಟ ಬಂದಿದ್ದೆ. ಇಲ್ಲಿಗೆ ಯಾಕ ಬಂದೆ ಅನ್ನೂದು ತಿಳೀವಲ್ದು, ಬುಧವಾರ ಬರೂದು ರೂಢಿ ಬಿದ್ದಿತ್ತು. ಕೂತು, ನೀಲವ್ವಾ, ನಾನೂ ನಿನ್ನ ಕಡೆ ಬರ್ಲೇನು ಅಂತ ಕೇಳಿದೆ. ಆವಾಗ ಇದು ಬಂತು. ನೀವ ಕೊಟ್ಟದ್ದು, ನೋಡ್ರಿ."

ಗೋಡೆಯ ಸಂದಿಯಿಂದ ಒಂದು ಚೀಟಿ ಈಚೆ ಬಂತು. ಮಡಚಿ ಮಡಚಿ ಮೆತ್ತಗಾಗಿತ್ತು. ಬಿಚ್ಚಿ ಓದಿದೆ.

'ಬರಬ್ಯಾಡ್ರಿ ಅಕ್ಕಾವ್ರ. ಇಲ್ಲಿ ಭಾಳ ಥಂಡಿ ಐತಿ.'

ನಮ್ಮ ಟೈಪರೈಟರಿನಲ್ಲಿ 'ಬ' ಅಕ್ಷರದ ತಲೆ ಮುರಿದಿತ್ತು. ಚೀಟಿಯಲ್ಲೂ ಹಾಗೇ ಮುರಿದಿತ್ತು. ಅಂಥ ಮಾತು ಪೆಟ್ಟಿಗೆಯ ಯಾವ ಕಾರ್ಡಿನಲ್ಲೂ ಇರಲಿಲ್ಲ. ಎಲ್ಲವನ್ನೂ ಬರೆದವನು ನಾನು, ನನಗೆ ಗೊತ್ತಿಲ್ಲದ ಕಾರ್ಡಿಲ್ಲ. ಯಾರನ್ನೂ ಅಕ್ಕಾವ್ರ ಎಂದು ಕರೆಯುವ ಅಧಿಕಾರವೂ ನಮ್ಮ ಯಂತ್ರಕ್ಕಿರಲಿಲ್ಲ.

"ಅದನ್ನ ಕೊಟ್ಟಬಿಡ್ರಿ. ನನ್ನ ಹತ್ರಾನ ಇರ್ಲಿ" ಎಂದರು.

ತಿರುಗಿ ದೂಡಿದೆ. ಇಟ್ಟುಕೊಳ್ಳಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆದರೆ ಅದು ನನಗೆ ಬರೆದದ್ದಲ್ಲ.

ಅವರು ಗೋಡೆಯ ಹತ್ತಿರ ಬಂದಂತಾಯಿತು. ದನಿ ಬದಲಾಗಿತ್ತು. ನಮ್ಮ ಯಂತ್ರಕ್ಕೆ ಅವರು ಯಾವಾಗಲೂ ರೀ ಹಚ್ಚಿ ಮಾತಾಡುತ್ತಿದ್ದರು. ಈಗ ಮಗುವಿನೊಡನೆ ಮಾತಾಡಿದ ಹಾಗೆ ಕೇಳಿದರು:

"ಈಗೂ ಅಲ್ಲಿ ಥಂಡಿ ಅದ ಏನವ್ವಾ?"

ಟೈಪರೈಟರಿನ ಮೇಲೆ ಬೆರಳಿಟ್ಟುಕೊಂಡು ಕೂತೆ. 'ಇಲ್ರಿ, ಈಗ ಬೆಚ್ಚಗ ಐತಿ' ಎಂದು ಹೊಡೆದಿದ್ದರೆ ಆ ಹೆಣ್ಣುಮಗಳು ಅಂದು ರಾತ್ರಿ ನಿದ್ದೆ ಮಾಡುತ್ತಿದ್ದರೋ ಏನೋ. ಆದರೆ ಅದು ನನ್ನ ಮಾತಾಗುತ್ತಿತ್ತು. ಸತ್ತ ಕೂಸಿನ ಹೆಸರಿನಲ್ಲಿ ಸುಳ್ಳು ಹೇಳುವ ಧೈರ್ಯ ನನಗೆ ಬರಲಿಲ್ಲ. ಪ್ರಶ್ನೆ ಕೇಳಿದವರಿಗೆ ಕೊಡುವ ಕಾರ್ಡು ತೆಗೆದು ಟೈಪ್ ಮಾಡಿದೆ: 'ಹಂಗ ಯಾಕ ಕೇಳ್ತೀರಿ?'

ಅವರು ಚೀಟಿ ಎತ್ತಿಕೊಂಡದ್ದು ಕೇಳಿತು. ಆಮೇಲೆ, ಹಾಜರಿ ಕರೆಯುವ ದನಿಯಲ್ಲಿ, "ಇವತ್ತ ಆಕಿ ಬಂದಿಲ್ಲ" ಎಂದರು. ಕುರ್ಚಿ ಸರಿದ ಸಪ್ಪಳ ಕೇಳಿತು. ಉಳಿದ ಸಲಗಳಿಗೆ ಅವರು ಬರಲೇ ಇಲ್ಲ.

ಡಾಕ್ಟರು ಬಂದ ಮೇಲೆ, ಡಬ್ಬಿಯ ಮಾತು ಬಿಟ್ಟು, ಬಂಗಲೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಜ್ವರದಾಗ ನಡಕೋತ ಬಂದೀ. ನಿನಗ ನೆನಪಿಲ್ಲ. ಹಂಗ ಆಗ್ತದ" ಎಂದರು.

"ಅಮ್ಮಿನಬಾವಿಯಿಂದ್ರಿ? ನಿಂದರ್ಲಿಕ್ಕೂ ತ್ರಾಣ ಇರ್ಲಿಲ್ರಿ."

"ಹಂಗಾದ್ರ ಆ ಶಾಂತಾಬಾಯಿ ತಾವ ಚೀಟಿ ಬರದಾರ."

"ನನ್ನ ಕೋಣೀಗೆ ಕೀಲಿ ಹಾಕಿತ್ತಲ್ರಿ. ಗಂಗವ್ವ ಸಪ್ಪಳ ಕೇಳ್ಯಾಳ."

"ಚೀಟಿ ಎಲ್ಲದ?"

ಇಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆ ತಿಂಗಳು ಮುಗಿಯುವುದರೊಳಗೆ ಕಟ್ಟಿಗೆಯ ಗೋಡೆ ತೆಗೆಸಿದರು. ಯಂತ್ರ ಬರಲಿ, ಆಮೇಲೆ ನೋಡೋಣ ಎಂದರು. ನನ್ನ ಮೇಲೆ ಅವರಿಗೆ ಅನುಮಾನ ಉಳಿಯಿತೆಂದೇ ನನ್ನ ಭಾವನೆ. ನಾನು ಬೇರೆ ನೌಕರಿ ಹುಡುಕಿಕೊಂಡೆ. ಶಾಂತಾಬಾಯಿಯವರು ಶಾಲೆಗೆ ಮರಳಿದರು, ನಿವೃತ್ತಿಯವರೆಗೂ ಕಲಿಸಿದರು. ಮಕ್ಕಳನ್ನು ಹೊರಗೆ ಕರಕೊಂಡು ಹೋಗಲಿಲ್ಲವಂತೆ. ಉರಿ ಬೇಸಿಗೆಯಲ್ಲೂ ಶಾಲು ಹೊದ್ದುಕೊಂಡೇ ಪಾಠ ಮಾಡುತ್ತಿದ್ದರಂತೆ. ಮಕ್ಕಳು ಹಿಂದಿನಿಂದ ನಗುತ್ತಿದ್ದರು ಎಂದು ಹೇಳಿದವರು ತಾವೂ ನಕ್ಕರು.

ಇನ್ನೊಂದು ಸಂಗತಿಯನ್ನೂ ಡಾಕ್ಟರಿಗೆ ಹೇಳಲಿಲ್ಲ. ಆ ಚೀಟಿ ನೋಡಿದ ವಾರದ ಶನಿವಾರ ಊರಿಗೆ ಹೋಗಿದ್ದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಕೇಳಿದೆ, "ಜ್ವರ ಬಂದ ವಾರ, ಬುಧವಾರ ನಾ ಹಾಸಿಗಿ ಬಿಟ್ಟು ಎಲ್ಲರೆ ಹೋಗಿದ್ನೇನು?" ಚೀಟಿಯ ಮಾತು ಅವಳ ಮುಂದೆ ಎತ್ತಿರಲಿಲ್ಲ.

"ಎಲ್ಲಿ ಹೋಗ್ತಿ? ಮೂರು ಕೌದಿ ಹೊಚ್ಚಿ, ಮಧ್ಯಾಹ್ನೆಲ್ಲಾ ಬಾಜೂಕ ಕುಂತೀನಿ. ಭಾಳ ಥಂಡಿ ಐತಿ, ಭಾಳ ಥಂಡಿ ಐತಿ ಅಂತ ಒಂದ ಸಮ ಅಂತಿದ್ದಿ. ಇನ್ನೊಂದು ಕೌದಿ ತಂದು ಹೊಚ್ಚಾಕ ಬಂದ್ರ, ಬರಬ್ಯಾಡ್ರಿ ಅಕ್ಕಾವ್ರ, ಅಂದಿ ನನಗ." ಅವ್ವ ರೊಟ್ಟಿ ತಿರುವಿ ಹಾಕಿದಳು. "ಸಾಲಿ ಕಟ್ಟಿ ಹತ್ತಲಾರದಾಕಿಗೆ ಅಕ್ಕಾವ್ರ ಅಂತ. ನಿನಗ ಅಷ್ಟ ಜ್ವರ ಇದ್ರೂ ನಗು ಬಂತು ನನಗ."

ಆ ಮಾತು ನನ್ನ ಬಾಯಿಂದ ಧಾರವಾಡಕ್ಕೆ ಹೋಯಿತೋ, ಆ ಬಾವಿಯಿಂದ ನನ್ನ ಬಾಯಿಗೆ ಬಂತೋ, ನನಗೆ ಇವತ್ತಿಗೂ ತಿಳಿದಿಲ್ಲ. ಅವ್ವ ಮುಂದಿಟ್ಟ ರೊಟ್ಟಿ ಅಂದು ನನ್ನ ಕೈಯಲ್ಲೇ ತಣ್ಣಗಾಯಿತು.